ಹೊಲಿಗೆ ಶೆಡ್ಡಿನ ಲೈವ್

ಟ್ಯಾಬು ಕೊಳ್ಳಲು ಬೈಕು ಮಾರಿಯಾಗಿತ್ತು. ಬ್ಯಾಟರಿ ಸ್ಪೀಕರಿಗೆ ಮೀನಾಳ ಚೀಟಿ ದುಡ್ಡು. ಸದ್ದು ಕೂಡಿಸುವ, ಊಟದ ತಟ್ಟೆಯಷ್ಟು ಅಗಲದ ಮಿಕ್ಸರಿಗೆ, ಅದೂ ಸೆಕೆಂಡ್ ಹ್ಯಾಂಡು, ಇಡೀ ಮದುವೆ ಸೀಜನ್ನಿನ ಕೂಲಿ. ಇಷ್ಟೂ ಈಗ ಒಂದು ಬ್ಯಾಗಿನಲ್ಲಿ ಹಿಡಿಸುತ್ತಿತ್ತು. ಹುಲಿಗೇಶ ಅದನ್ನು ಗುಲ್ಜಾರಬೀಯ ಜೀನ್ಸ್ ಶೆಡ್ಡಿನ ಕಟಿಂಗ್ ಟೇಬಲ್ಲಿನ ಮೇಲಿಟ್ಟು ಜಿಪ್ಪು ಎಳೆದಾಗ, ಪಕ್ಕದ ಮಿಷನ್ನಿನಲ್ಲಿ ಕೂತಿದ್ದ ಅವನ ಹೆಂಡತಿ ಮೀನಾ ತಲೆಯೆತ್ತದೆ ಹೇಳಿದಳು:

"ನಿಧಾನಕ್ಕ ತಗೀರಿ. ಅದರಾಗ ನನ್ನ ಚೀಟಿ ಐತಿ."

"ನನ್ನ ಬೈಕೂ ಐತಿ."

"ಕಿಕ್ ಹೊಡದ್ರೂ ಏಳತಿರ್ಲಿಲ್ಲ ಬಿಡ್ರಿ ಆ ಬೈಕು. ಚೀಟಿ ನೆಟ್ಟಗಿತ್ತು."

ಸುತ್ತಲಿನ ಹೆಂಗಸರು ನಕ್ಕರು.

ಹುಲಿಗೇಶ ಕುರುಗೋಡಿನವನು. ಅಲ್ಲಿ ಓಬಳೇಶನ ಡಿಜೆ ಲಾರಿಯಲ್ಲಿ ಬಾಕ್ಸು ಹೊತ್ತು, ವೈರು ಸುತ್ತಿ ಕೆಲಸ ಕಲಿತಿದ್ದ. ಮದುವೆಯಾಗಿ ಬಳ್ಳಾರಿಯ ಸತ್ಯನಾರಾಯಣಪೇಟೆಗೆ ಬಂದ ಮೇಲೆ ಸ್ವಂತದ್ದು ಶುರು ಮಾಡಿದ. ಟ್ಯಾಬಿನಲ್ಲೇ ಬೀಟು ಕೂಡಿಸಿ, ಅದರಿಂದಲೇ ಲೈವ್ ಬಿಡುವುದು. ಸಿನಿಮಾ ಹಾಡು ಹಾಕಿದರೆ ಹಕ್ಕಿನ ತಕರಾರಿನಿಂದ ಲೈವ್ ನಡುವೆಯೇ ಮೂಕಾಗುತ್ತದೆಂದು ಗೊತ್ತಾದ ಮೇಲೆ, ಊರಿಗೆ ಹೋಗಿ ಹಲಗೆಯವರಿಗೆ ಚಹಾ ಕುಡಿಸಿ, ಅವರ ಬಡಿತವನ್ನು ತಾನೇ ರೆಕಾರ್ಡು ಮಾಡಿಕೊಂಡು ಬಂದಿದ್ದ.

ಇವತ್ತಿನ ಲೈವು ಒಂದು ಮನೆಯವರಿಗಾಗಿ. ಸಿರುಗುಪ್ಪದ ಅಕ್ಕಿ ಗಿರಣಿಯ ಕೊಟ್ಟೂರಪ್ಪ ಮಗಳ ಮದುವೆ ಇಟ್ಟುಕೊಂಡಿದ್ದರು. "ನಮ್ಮ ಶೈಲಜಾ, ಅಕಿ ಗೆಳತ್ಯಾರು ಶನಿವಾರ ಮುಂಜಾನಿ ನೋಡ್ತಾರ. ಅವರು ಎದ್ದು ಕುಣುದ್ರ ಮದುವಿ ನಿಂದು. ಇಲ್ಲಂದ್ರ ಓಬಳೇಶನ ಲಾರಿ ಐತಿ," ಎಂದಿದ್ದರು. ಸಿಕ್ಕರೆ ಅದು ಹುಲಿಗೇಶನ ಹೆಸರಿನ ಮೊದಲ ಮದುವೆ.

ಬಾಡಿಗೆ ಮನೆಯಲ್ಲಿ ಸದ್ದು ಮಾಡಿದರೆ ಮಾಲೀಕರು ಬಾಗಿಲು ಬಡಿಯುತ್ತಾರೆ. ಶೆಡ್ಡಿನಲ್ಲಿ ವೈಫೈ ಇತ್ತು, ಮಿಷನ್ನುಗಳ ಗದ್ದಲದ ನಡುವೆ ದೂರು ಹೇಳುವವರೂ ಇರಲಿಲ್ಲ. ಗುಲ್ಜಾರಬೀ ಒಂದೇ ಷರತ್ತು ಹಾಕಿದ್ದಳು: ಸಂಜೆಯ ಲಾರಿಗೆ ಪ್ಯಾಂಟುಗಳು ಹೋಗಲೇಬೇಕು.

ಲೈವ್ ಶುರುವಾಯಿತು. ತಗಡಿನ ಮಾಡಿನ ಕೆಳಗೆ ಹಲಗೆ ಮೊದಲು ಮೆಲ್ಲಗೆ ಬಡಿಯಿತು. ಕೆಳಗೆ ಸಣ್ಣದೊಂದು ಬೇಸ್ ಕೂಡಿಕೊಂಡಿತು. ಪೆಡಲ್ಲುಗಳ ಮೇಲಿನ ಕಾಲುಗಳು ತಾವಾಗಿಯೇ ಅದಕ್ಕೆ ಹೊಂದಿದವು.

"ಏಯ್, ಇವತ್ತು ಮಿಷಿನ್ನು ತಾನ ಓಡಾಕ ಹತ್ತೇತಲ್ಲಾ!" ಎಂದಳು ದಾರ ಕತ್ತರಿಸುವ ಸುಮೈರಾ. ತಂಗಿ ಕೆಲಸ ಮಾಡುವ ಇನ್ನೊಂದು ಶೆಡ್ಡಿಗೆ ಲಿಂಕು ಕಳಿಸಿಯೂ ಬಿಟ್ಟಳು.

ಟ್ಯಾಬಿನಲ್ಲಿ ಶೈಲಜಾಳ ಕಾಮೆಂಟು ಬಂತು: 'ಅಣ್ಣಾ, ಜೋರ್ ಮಾಡ್ರಿ.' ಹುಲಿಗೇಶ ವೇಗ ಏರಿಸಿದ. 'ಇನ್ನಾ ಜೋರ್.' ಮತ್ತೂ ಏರಿಸಿದ. ಅವನ ಭುಜ ಕುಣಿಯುತ್ತಿತ್ತು. 'ಎದ್ದೀವಿ ಅಣ್ಣಾ, ಎಲ್ರೂ ಎದ್ದೀವಿ!' ಅವನಿಗೆ ಮದುವೆ ಕೈಗೆ ಬಂದಂತೆಯೇ ಆಯಿತು.

ಆಗ ಟಕ್ಕೆಂದು ಒಂದು ಸೂಜಿ ಮುರಿಯಿತು. ಅದರ ಹಿಂದೆಯೇ ಇನ್ನೊಂದು.

ಗುಲ್ಜಾರಬೀ ಒಂದು ಪ್ಯಾಂಟಿನ ಒಳಮಗ್ಗುಲನ್ನು ಹೊರಗೆ ಮಾಡಿ ಅವನ ಮುಂದೆ ಹಿಡಿದಳು. ಜೇಬಿನ ತಿರುವಿನಲ್ಲಿ ಹೊಲಿಗೆ ಸುಕ್ಕುಗಟ್ಟಿತ್ತು. "ಅರೇ ಹುಲಿಗ್ಯಾ, ಇದೇನು ಕೂಸಿನ ನೆರಿಗಿ ಕುಂಚಿಗಿ ಹೊಲಿಯಾಕ ಹಚ್ಚೀಯೇನಲೇ? ಜೀನ್ಸಿನ ಬಟ್ಟಿ ಮಡಿಕಿ ಮ್ಯಾಲ ಮಡಿಕಿ ಬಂದಲ್ಲಿ ಕಾಲು ಸಡ್ಲ ಬಿಡ್ಬೇಕು. ಇವರ ಕಾಲು ನಿನ್ನ ಮಾತು ಕೇಳಾಕ ಹತ್ಯಾವು, ನನ್ನ ಮಾತು ಕೇಳವಲ್ಲವು!"

"ಸದ್ದು ಕಮ್ಮಿ ಮಾಡಿದ್ರ, ಅಮ್ಮಾ..." ಹುಲಿಗೇಶ ತಡವರಿಸಿದ. ಟ್ಯಾಬಿನ ಒಳಗಿನಿಂದಲೇ ಸದ್ದು ಕಳಿಸುವ ವೈರು ಅವನು ಇನ್ನೂ ಕೊಂಡಿರಲಿಲ್ಲ. ಸ್ಪೀಕರು ಕೂಗಬೇಕು, ಟ್ಯಾಬಿನ ಮೈಕು ಕೇಳಿ ಕಳಿಸಬೇಕು. ಮೆತ್ತಗೆ ಮಾಡಿದರೆ ಸಿರುಗುಪ್ಪಕ್ಕೆ ಹೋಗುವುದು ಮಿಷನ್ನಿನ ಗರಗರವೇ. ಹೊರಗೆ ಒಯ್ದರೆ ವೈಫೈ ಬಾಗಿಲು ದಾಟುವುದಿಲ್ಲ.

ಅವನು ಮೀನಾಳ ಕಡೆ ನೋಡಿದ. ಅವಳ ಕಾಲಬಳಿ ಇದ್ದ ಕಟ್ಟಿನಲ್ಲಿ ಅರ್ಧಕ್ಕರ್ಧ ಸುಕ್ಕಿನದೇ. ಅವಳು ಆಗಲೇ ಹೊಲಿಗೆ ಬಿಚ್ಚುವ ಸಣ್ಣ ಕತ್ತರಿ ಕೈಗೆತ್ತಿಕೊಂಡಿದ್ದಳು.

"ನೀವು ಹೊಡೀರಿ," ಎಂದಳು. "ಅವರು ಕುಣ್ಯಾಕ ಹತ್ಯಾರಂತಲ್ಲ. ನಾ ಬಿಚ್ಚಿ ಮತ್ತ ಹೊಲೀತೀನಿ."

"ಎಲ್ಲಾ?"

"ಎಲ್ಲಾನೂ ಬಿಚ್ಚಬೇಕಲ್ಲ. ಅರ್ಧ ಬಿಚ್ಚಿದ್ರ ಯಾರು ತೊಗೊಂತಾರ?"

ಬೇರೆ ಹೆಂಗಸರ ಕಾಲಬಳಿಯೂ ಅಂಥವೇ ಕಟ್ಟುಗಳಿದ್ದವು. ಬಿಚ್ಚುವ ಕೆಲಸಕ್ಕೆ ಕೂಲಿ ಇಲ್ಲವೆಂದು ಹುಲಿಗೇಶನಿಗೂ ಗೊತ್ತಿತ್ತು.

ಅವನು ಬೆರಳಿಟ್ಟು ವೇಗವನ್ನು ಕೆಳಗೆ ಎಳೆದ.

'ಏನಾತಣ್ಣ?' ಎಂದು ಬಂತು. 'ನಿದ್ದಿ ಬರ್ತೈತಿ' ಎಂದೂ ಬಂತು. ಆಮೇಲೆ ಶೈಲಜಾಳ ಹೆಸರು ಕಾಣಲಿಲ್ಲ.

"ಇನ್ನಾ ಕಮ್ಮಿ," ಗುಲ್ಜಾರಬೀ ಕೈಯಿಂದ ಗಾಳಿಯನ್ನು ಒತ್ತಿದಳು. "ಇನ್ನಾ... ಹಾಂ, ಅಲ್ಲೇ ಇರ್ಲಿ ಬೇಟಾ."

ಅಲ್ಲಿಂದ ಮುಂದೆ ಹುಲಿಗೇಶ ಪರದೆ ನೋಡಲಿಲ್ಲ, ಮೀನಾಳ ಪಾದ ನೋಡಿದ. ಮಡಿಕೆ ಬಂದಾಗ ಅದು ಸಡಿಲಾಗುತ್ತಿತ್ತು, ದಾಟಿದ ಮೇಲೆ ಊರುತ್ತಿತ್ತು. ಅದಕ್ಕೆ ತಕ್ಕಂತೆ ಬಡಿತದ ಕೊನೆಯಲ್ಲಿ ಒಂದು ಉಸಿರಿನಷ್ಟು ಬಿಡುವು ಕೊಟ್ಟ. ಡಿಜೆ ಲಾರಿಯ ಮೇಲಿದ್ದಾಗ ಅವನೆಂದೂ ಯಾರ ಕಾಲನ್ನೂ ಇಷ್ಟು ಹತ್ತಿರದಿಂದ ನೋಡಿರಲಿಲ್ಲ.

ಎಷ್ಟೋ ಹೊತ್ತಾದ ಮೇಲೆ ಸುಮೈರಾ ತನ್ನ ಫೋನು ತಂದು ತೋರಿಸಿದಳು. "ನಮ್ಮ ತಂಗಿ ಶೆಡ್ಡಿನಾಗೂ ಹಚ್ಚ್ಯಾರಂತ. ಊಟದ ತನಕ ನಿಲ್ಲಸಬ್ಯಾಡ ಅಂತ ಹೇಳ್ಯಾರ. ನಮ್ಮ ಶೆಡ್ಡಿನ ಅಮ್ಮನ ಬೈಗುಳಾನೂ ಕೇಳಿದ್ರಂತ. ಭಾಳ ಚೊಲೊ ಐತಂತ."

"ಯಾವುದು, ಹಾಡೋ ಬೈಗುಳೋ?" ಎಂದಳು ಗುಲ್ಜಾರಬೀ.

"ಎರಡೂನು."

ಮಧ್ಯಾಹ್ನ ಕೊಟ್ಟೂರಪ್ಪ ಫೋನು ಮಾಡಿದರು. ಸಿಟ್ಟಿರಲಿಲ್ಲ. "ಮೊದ್ಲು ಚೊಲೊ ಇತ್ತಪ್ಪಾ. ಆಮ್ಯಾಲ ಯಾಕೋ ಇಳದು ಬಿಡ್ತು. ಹುಡುಗ್ಯಾರು ಓಬಳೇಶನ ಲಾರೀನ ಬೇಕಂತಾರ."

"ಆಗ್ಲಿ ಬಿಡ್ರಿ, ಸಾವ್ಕಾರ್ರ," ಎಂದ ಹುಲಿಗೇಶ. ಫೋನನ್ನು ಜೇಬಿಗಿಟ್ಟು ಮತ್ತೆ ಮೀನಾಳ ಪಾದದ ಕಡೆ ತಿರುಗಿದ.

ಬಿಸಿಲು ಇಳಿಯುವ ಮೊದಲೇ ಪ್ಯಾಂಟಿನ ಕಟ್ಟುಗಳು ಲಾರಿಯೇರಿದವು. ಗುಲ್ಜಾರಬೀ ಲೈಟು ಆರಿಸುತ್ತ, "ಸೋಮವಾರದಿಂದ ದಿನಾ ಬಂದು ಹಿಂಗ ಬಾರ್ಸು. ಹೆಲ್ಪರ್ ಕೂಲಿ ಕೊಡ್ತೀನಿ," ಎಂದಳು. "ಆದ್ರ ನಾ ಹೇಳಿದಷ್ಟ ಜೋರು."

"ಮನ್ಯಾಗ ಅಕಿ ಹೇಳಿದಷ್ಟ, ಶೆಡ್ಡಿನಾಗ ನೀವು ಹೇಳಿದಷ್ಟ," ಎಂದ ಹುಲಿಗೇಶ.

"ಎರಡೂ ಕಡಿ ನಾನ ಅದೀನ್ರಿ," ಎಂದಳು ಮೀನಾ.

ಸೋಮವಾರ ಊಟದ ಹೊತ್ತಿಗೆ ಮಿಷನ್ನುಗಳು ನಿಂತವು. ಗಂಡ ಹೆಂಡತಿ ಕಟಿಂಗ್ ಟೇಬಲ್ಲಿನ ಕೆಳಗೆ ನೀಲಿ ಚಿಂದಿಗಳ ಮೇಲೆ ಕೂತು, ಒಂದೇ ಡಬ್ಬಿಯಿಂದ ರೊಟ್ಟಿ ಮುರಿದುಕೊಂಡರು. ಸಿರುಗುಪ್ಪದ ಮದುವೆ ಹೋಗಿತ್ತು. ದಿನದ ಕೆಲಸ ಸಿಕ್ಕಿತ್ತು, ಮಧ್ಯಾಹ್ನದ ಊಟಕ್ಕೆ ಜೊತೆಯೂ ಸಿಕ್ಕಿತ್ತು.