ಎಪ್ಪತ್ತೆರಡನೇ ನಂಬರಿನವನ ಎಡಗಾಲು

ಲಾಕ್‌ಡೌನ್‌ನಲ್ಲಿ ವಸುಂಧರಾ ಐರ್ಲೆಂಡಿನ ಗಾಲ್ವೇ ಊರಿನ ತನ್ನ ಅಡುಗೆಮನೆಯಲ್ಲೇ ಕೂತು, ಅಮೆರಿಕದ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಬಗೆಯ ಒಂದು ಫುಟ್‌ಬಾಲ್ ತಂಡಕ್ಕೆ ಅದರ ಆಟಗಾರರ ತಪ್ಪುಗಳನ್ನು ವಿಡಿಯೋ ನೋಡಿ ಗುರುತಿಸಿ ಕಳಿಸುತ್ತಿದ್ದಳು. ಹೋದ ವರ್ಷ ಒಂದೇ ಪಂದ್ಯ ಗೆದ್ದಿದ್ದ ತಂಡ, ಹೊಸದಾಗಿ ಕಟ್ಟಿದ ಮೇಲೆ ಈ ಸಲ ಆಗಲೇ ಆರು ಗೆದ್ದಿತ್ತು.

ಆ ಸೋಮವಾರ ಬೆಳಿಗ್ಗೆ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಎಪ್ಪತ್ತೆರಡನೇ ನಂಬರಿನ ಅಂಗಿಯವನು ಪ್ರತಿ ವಾರವೂ ಚೆಂಡು ಹೊರಡುವ ಮೊದಲೇ ಎಡಗಾಲು ಎತ್ತಿ ಸಿಕ್ಕಿಬೀಳುತ್ತಿದ್ದ; ಅಲ್ಲಿಯವರೆಗೆ ಅಲುಗಾಡಬಾರದು ಅನ್ನುವುದು ಆಟದ ನಿಯಮ. ಈ ಸಲ ಇಡೀ ಪಂದ್ಯದಲ್ಲಿ ಅವನದು ಒಂದು ತಪ್ಪೂ ಇಲ್ಲ. ವಿಡಿಯೋ ನಾಲ್ಕು ಸಲ ಹಿಂದೆ ಓಡಿಸಿ ನೋಡಿದಳು. ಕಿಟಕಿಯವರೆಗೆ ಹೋದಳು, ಬಂದು ಮತ್ತೆ ಓಡಿಸಿದಳು. ವರದಿಯಲ್ಲಿ ಅವನ ತಪ್ಪುಗಳ ಕಾಲಂ ಖಾಲಿ ಕಳಿಸಿದರೆ ಇವಳು ನೋಡೇ ಇಲ್ಲ ಅಂದುಕೊಳ್ಳುತ್ತಾರೆ ತಂಡದವರು.

ಮಾರ್ಚಿನಿಂದ ಅಡುಗೆ ಕಲಿಯುತ್ತಿದ್ದ ಗಂಡ ಲೋಹಿತ್ ಉಪ್ಪಿಟ್ಟಿನ ತಟ್ಟೆ ಇಟ್ಟು ಪಕ್ಕದಲ್ಲೇ ನಿಂತ. ದಿನಾ ಹೀಗೇ ನಿಲ್ಲುತ್ತಿದ್ದ. ಉಪ್ಪು ಜಾಸ್ತಿ, ಗಂಟುಗಂಟು, ತಳ ಹಿಡಿದಿದೆ, ಅವಳಿಂದ ಏನಾದರೊಂದು ಬಂದೇ ಬರುತ್ತಿತ್ತು.

ವಸುಂಧರಾ ಸ್ಕ್ರೀನ್ ನೋಡುತ್ತಲೇ ತಟ್ಟೆ ಖಾಲಿ ಮಾಡಿದಳು.

"ಇವತ್ತೇನು ತಪ್ಪಾಗಿತ್ತು?" ಅಂದ.

ಅವಳು ತಟ್ಟೆ ನೋಡಿದಳು. ಕಾಲಂನಲ್ಲಿ 'ತಪ್ಪಿಲ್ಲ' ಅಂತ ಬರೆದು ಕಳಿಸಿದಳು.

"ಏನೂ ಆಗಿರಲಿಲ್ಲ. ಚೆನ್ನಾಗಿತ್ತು."

ಲೋಹಿತ್‌ಗೆ ನಂಬಿಕೆ ಬರಲಿಲ್ಲ. ಒಲೆ ಹತ್ತಿರ ಹೋಗಿ ಬಾಣಲೆಯಿಂದ ಒಂದು ಚಮಚ ತಿಂದು ನೋಡಿದ. ಆಮೇಲೆ ಇನ್ನೊಂದು.