ಸಹನೀಯ

ಮೂರು ಸಲ ಸೋಪು ಹಾಕಿ ತೊಳೆದರೂ ಕೈಯಿಂದ ಬೆಣ್ಣೆಯ ವಾಸನೆ ಹೋಗಲಿಲ್ಲ. ಪ್ರೊಫೆಸರ್ ಥೀಡ ಮತ್ತೆ ನಲ್ಲಿ ತಿರುಗಿಸಿದ. ಅವನ ನಿವೃತ್ತಿಯ ಕೇಕನ್ನು ವಿದಾಯದ ಉಪನ್ಯಾಸಕ್ಕೆ ಮೊದಲೇ ಕತ್ತರಿಸಿದ್ದರು. ಒಂದು ತುಂಡನ್ನು ಅವನ ಕೈಗೆ ತುರುಕಿದವನು ಕಲ್ಲಿದ್ದಲು ಕಂಪನಿಯ ವಕೀಲ ಡ್ರೆಕ್ಸ್‌ಲರ್.

ಕಾರಿಡಾರಿನಲ್ಲಿ ಮೆರ್ಟಾ ಲೆಹ್ನಿಗ್ ಕಾದಿದ್ದಳು. ಅವಳ ಊರನ್ನು ಗಣಿ ನುಂಗಿ ಹನ್ನೆರಡು ವರ್ಷ. ಊರಿಗಿಂತ ಮೊದಲು ಗೋರಿಗಳನ್ನು ಎತ್ತಿದ್ದರು. ಅವಳ ಅಪ್ಪನ ಮೂಳೆಗಳನ್ನು ಪೆಟ್ಟಿಗೆಗೆ ತುಂಬುವಾಗ ಪಕ್ಕದಲ್ಲಿ ನಿಂತು ಟಿಪ್ಪಣಿ ಬರೆದುಕೊಂಡವನು ಥೀಡ. ಅವನ ವರದಿಯಲ್ಲಿ ಒಂದು ಮಾತಿತ್ತು: ಜನರಿಗೆ ಈ ಸ್ಥಳಾಂತರ ಸಹನೀಯ. ಅವನ ಪ್ರಾಧ್ಯಾಪಕ ಪೀಠ, ಇಂಧನ ರಾಜಕಾರಣದ ಮೇಲಿನ ನಾಲ್ಕು ಪುಸ್ತಕ, ಹವಾಮಾನ ಆಯೋಗದ ಕುರ್ಚಿ ಎಲ್ಲ ಆ ಒಂದು ಮಾತಿನ ಮೇಲೆ ನಿಂತಿದ್ದವು. ಈಗ ಅದನ್ನೇ ಹಿಡಿದು ಕಂಪನಿ ಪಕ್ಕದ ಊರನ್ನೂ ಗಣಿಗೆ ಕೇಳುತ್ತಿತ್ತು. ಸೋಮವಾರ ಕೋರ್ಟು.

"ನಮ್ಮನೇಲಿ ಸೂಪ್ ಕುಡಿದಿದ್ರಿ ನೀವು," ಎಂದಳು. "ಆವತ್ತು ಯಾರ್ಯಾರನ್ನ ಕೇಳಿದ್ರಿ, ಸಹಿಸ್ಕೋತೀರಾ ಅಂತ?"

"ಎಲ್ಲಾ ಮನೆ ಬಾಗಿಲೂ ತಟ್ಟಿದ್ವಿ."

"ತೆಗೀದೇ ಇದ್ದೋರು?"

ಅವರನ್ನು 'ಆಕ್ಷೇಪವಿಲ್ಲ' ಎಂಬ ಪಟ್ಟಿಗೆ ಸೇರಿಸಿದ್ದ. ಮೌನಂ ಸಮ್ಮತಿಲಕ್ಷಣಂ ಎಂಬುದು ಎಲ್ಲ ದೇಶದ ಪಂಡಿತರಿಗೂ ಗೊತ್ತು.

"ಒಪ್ಪಿದೋರು ಅಂತ ಬರ್ಕೊಳ್ಳೋದು ಪದ್ಧತಿ," ಎಂದ. ತನ್ನ ದನಿ ತನಗೇ ಹೇಸಿಗೆಯಾಯಿತು.

"ಇವತ್ತು ವೇದಿಕೆ ಮೇಲೆ ಅಷ್ಟು ಹೇಳ್ಬಿಡಿ. ನಾಳೆಯಿಂದ ನಿಮ್ಮನ್ಯಾರು ಏನ್ ಮಾಡ್ತಾರೆ?"

"ನೋಡೋಣ."

ಹೇಳಬೇಕೆಂದೇ ವೇದಿಕೆ ಹತ್ತಿದ. ಚೀಟಿಯಲ್ಲಿ ಬರೆದುಕೊಂಡೂ ಇದ್ದ: ಬಾಗಿಲು ತೆರೆಯದವರನ್ನು ಒಪ್ಪಿದವರೆಂದು ಎಣಿಸಿದೆ, ತಪ್ಪಾಯಿತು. ಆದರೆ ನಲವತ್ತು ನಿಮಿಷ ಜನಸಮ್ಮತಿ, ಸಹಭಾಗಿತ್ವ, ನ್ಯಾಯಯುತ ಪರಿವರ್ತನೆ ಎಂದು ಒದರಿದ. ಒಂದೊಂದು ಪದವೂ ಯಾರೋ ಜಗಿದು ಉಗಿದ ಹಾಗಿತ್ತು. ಮುಂದಿನ ಸಾಲಿನಲ್ಲಿ ಡ್ರೆಕ್ಸ್‌ಲರ್ ತುಟಿಯಂಚಿನ ಸಕ್ಕರೆ ನೆಕ್ಕುತ್ತ ತಲೆಯಾಡಿಸುತ್ತಿದ್ದ. ಥೀಡ ಪುಟ ತಿರುಗಿಸಿದ. ಕೊನೆಯ ಹಾಳೆ ಮುಗಿಯಿತು. ಚೀಟಿಯ ಮೇಲೆ ಅವನ ಬೆರಳಿನ ಜಿಡ್ಡು ಅಂಟಿತ್ತು. ಅದನ್ನು ಮಡಿಸಿ ಜೇಬಿಗಿಟ್ಟು, ವಂದನೆಗಳು ಎಂದ.

ವಿಶ್ವವಿದ್ಯಾಲಯದ ವಾಡಿಕೆಯಂತೆ ಎಲ್ಲರೂ ಚಪ್ಪಾಳೆಯ ಬದಲು ಬೆರಳ ಗಿಣ್ಣಿನಿಂದ ಮೇಜು ತಟ್ಟಿದರು. ಮೆರ್ಟಾ ಮಾತ್ರ ಕೈಕಟ್ಟಿ ಕೂತು ಅವನ ಬಾಯನ್ನೇ ನೋಡುತ್ತಿದ್ದಳು.

ಮರದ ಮೇಲೆ ಗಿಣ್ಣುಗಳು ಬಡಿಯುತ್ತಲೇ ಇದ್ದವು. ಅವನೂ ಹೀಗೆಯೇ ತಟ್ಟಿದ್ದ, ಮನೆಯಿಂದ ಮನೆಗೆ. ಬಾಗಿಲಾಚೆ ಯಾರೋ ಉಸಿರು ಬಿಗಿಹಿಡಿದು ನಿಂತಿದ್ದು ಆಗಲೂ ಅವನಿಗೆ ಕೇಳಿಸಿತ್ತು.

ಈಗ ಅವನು ಉಸಿರು ಬಿಗಿಹಿಡಿದು ನಿಂತ. ಬಾಯಿ ತೆರೆಯಲಿಲ್ಲ. ಮುಂದಿನ ಸಾಲಿನಲ್ಲಿ ವಕೀಲ ಡೈರಿ ತೆಗೆದು ಸೋಮವಾರದ ಪುಟದಲ್ಲಿ ಒಂದು ಗುರುತು ಹಾಕಿಕೊಂಡ.