ಲಾಡಿ ಕೂರುವ ಜಾಗ

"ಕೈ ತೆಗೀರಿ ಅಮ್ಮ, ನೋಡ್ಬೇಕು," ಎಂದು ಡಾಕ್ಟರ್ ಪ್ರಮೋದಾ ಎರಡನೇ ಸಲ ಹೇಳಿದರು. ಬನಶಂಕರಿ ಸೊಂಟದ ಮೇಲಿನ ಕೈ ತೆಗೆಯದೆ ಮಗನ ಕಡೆ ನೋಡಿದಳು.

ನಂದಕುಮಾರ ಗೋಡೆಯ ಕ್ಯಾಲೆಂಡರ್ ಓದತೊಡಗಿದ. ದೊಡ್ಡಬಳ್ಳಾಪುರದ ಕಾಲೇಜಿನಲ್ಲಿ ಹನ್ನೆರಡು ವರ್ಷದಿಂದ ಜೀವಶಾಸ್ತ್ರ ಪಾಠ ಮಾಡುವವನು. ಚರ್ಮದ ಪದರಗಳನ್ನು ಕಣ್ಣು ಮುಚ್ಚಿ ಬೋರ್ಡಿನ ಮೇಲೆ ಬರೆಯಬಲ್ಲ. ಒಂದೇ ಸೂರಿನಡಿ ಇದ್ದೂ ತಾಯಿಯ ಸೊಂಟದಲ್ಲಿ ಹುಣ್ಣಿದೆ ಎಂದು ಗೊತ್ತಾದದ್ದು ಹೋದ ವಾರ, ಹೆಂಡತಿ ಶ್ವೇತ ಆಸ್ಪತ್ರೆಯಿಂದ ಪರೀಕ್ಷೆಯ ಚೀಟಿ ತಂದು ಕೈಗಿಟ್ಟಾಗ. ಚೀಟಿಯಲ್ಲಿ ಕ್ಯಾನ್ಸರ್ ಎಂದಿತ್ತು. ಇವತ್ತು ಶ್ವೇತಳಿಗೆ ರಜೆ ಸಿಗಲಿಲ್ಲ, ಅದಕ್ಕೇ ಅವನು ಬಂದಿದ್ದ.

"ನಂದೂ, ನೀನು ಆಚೆ ಇರು."

"ಇರ್ಲಿ ಬಿಡಿ ಅಮ್ಮ. ನಾಳೆ ಮನೇಲಿ ಪಟ್ಟಿ ಕಟ್ಟೋರು ಬೇಕಲ್ಲ," ಎಂದರು ಡಾಕ್ಟರು.

ನೋಡಿದ. ಲಂಗದ ಲಾಡಿ ಕೂರುವ ಜಾಗದಲ್ಲಿ, ಸೊಂಟದ ಸುತ್ತ ಬೆರಳಗಲದ ಕಪ್ಪು ಗೆರೆ ಹೂತುಹೋಗಿತ್ತು. ಬಲಕ್ಕೆ, ಗಂಟು ಬೀಳುವಲ್ಲಿ, ಅಂಚು ಉಬ್ಬಿದ ಹುಣ್ಣು.

"ಎಷ್ಟು ವರ್ಷದಿಂದ?"

"ಆರೇಳು ಆಗಿರ್ಬೇಕು. ಅರಿಶಿನ ಹಚ್ಚಿ ಬಟ್ಟೆ ಇಟ್ಕೋತಿದ್ದೆ."

"ಲಾಡಿ ಸಡಿಲ ಮಾಡ್ಲಿಲ್ವಾ?"

"ಮಗ್ಗದ ಹತ್ರ ಆಗಲ್ಲ ಡಾಕ್ಟ್ರಮ್ಮ. ಮೋಟರ್ ಬೆಲ್ಟಿಗೆ ಸೀರೆ ಸಿಕ್ರೆ ಮನುಷ್ಯರನ್ನೇ ಎಳ್ಕೊಂಡ್ಬಿಡುತ್ತೆ."

ಇದನ್ನು ಹೇಳುವಾಗ ಅವಳ ದನಿಯಲ್ಲಿ ದೂರಿರಲಿಲ್ಲ. ನಂದಕುಮಾರನಿಗೆ ನಾಚಿಕೆಯಾಯಿತು, ನಾಚಿಕೆಗಿಂತ ಹೆಚ್ಚಾಗಿ ಅವಳ ಬಗ್ಗೆ ಬೆರಗು. ನಲವತ್ತು ವರ್ಷ ಎರಡು ಮಗ್ಗ ನಡೆಸಿದವಳು ಒಂದು ದಿನವೂ ಸೊಂಟ ಹಿಡಿದುಕೊಂಡು ಕೂತದ್ದಿಲ್ಲ.

ಪ್ರಮೋದಾ ಪೆನ್ನಿನಿಂದ ಹುಣ್ಣಿನಾಚೆ ದೊಡ್ಡ ಸುತ್ತು ಹಾಕಿದರು. ಅವರ ಕೈಗೆ ಆತುರವೇ ಇರಲಿಲ್ಲ.

"ಇದೇ ಮೂಗಿನ ಮೇಲಾಗಿದ್ರೆ ಕೂದಲೆಳೆಯಷ್ಟು ಲೆಕ್ಕ ಹಾಕಿ ಕೊಯ್ಬೇಕಿತ್ತು. ಸೊಂಟದಲ್ಲಿ ಚರ್ಮ ಧಾರಾಳ. ಅಗಲವಾಗಿ ತೆಗೆದು ಎಳೆದು ಹೊಲೀಬಹುದು. ಆದ್ರೆ ಉಜ್ಜಿ ಉಜ್ಜಿ ಹಳೇದಾದ ಗಾಯದಲ್ಲಿ ಹುಟ್ಟಿದ್ದು ಬೇಗ ಹರಡುತ್ತೆ." ಅವರ ಬೆರಳು ತೊಡೆಸಂದಿಯಲ್ಲಿ ನಿಂತಿತು. "ಇಲ್ಲೊಂದು ಗಂಟಿದೆ. ಸೂಜಿ ಹಾಕಿ ಪರೀಕ್ಷೆಗೆ ಕಳಿಸೋಣ. ಗುರುವಾರ ಗೊತ್ತಾಗುತ್ತೆ."

ಮೂಗಿನ ಮೇಲಾಗಿದ್ದರೆ ಮೊದಲ ವಾರವೇ ಕಾಣುತ್ತಿತ್ತು ಎಂದುಕೊಂಡ. ಕಾಣುತ್ತಿತ್ತೇ? ಅವಳ ಮುಖವನ್ನಾದರೂ ಸರಿಯಾಗಿ ನೋಡಿದ್ದು ಯಾವಾಗ ಎಂದು ನೆನಪಾಗಲಿಲ್ಲ.

"ಯಾವ ನೂಲಲ್ಲಿ ಹೊಲೀತೀರಿ?" ಬನಶಂಕರಿ ಕೇಳಿದಳು.

ಪ್ರಮೋದಾ ಡ್ರಾಯರಿನಿಂದ ಒಂದೆಳೆ ತೆಗೆದುಕೊಟ್ಟರು. ಅವಳು ಅದನ್ನು ಎರಡು ಬೆರಳ ನಡುವೆ ಹೊಸೆದು, ಜಗ್ಗಿ ನೋಡಿದಳು.

"ಸಣ್ಣಕ್ಕಿದ್ರೂ ಗಟ್ಟಿ ಇದೆ."

"ನಿಮ್ಮಷ್ಟು ಗೊತ್ತಿಲ್ಲ ನಂಗೆ," ಎಂದು ಡಾಕ್ಟರು ನಕ್ಕರು. ಇಬ್ಬರು ಕಸುಬುದಾರರ ನಡುವೆ ನಂದಕುಮಾರ ಬರೀ ಓದಿದವನಾಗಿ ನಿಂತಿದ್ದ.

ಇನ್ನು ಸೊಂಟಕ್ಕೆ ಏನೂ ಕಟ್ಟುವಂತಿಲ್ಲ, ನೈಟಿ ಹಾಕಿಸಿ ಎಂದರು. ತಾಯಿ ಮಗ ಬಸ್ ಸ್ಟ್ಯಾಂಡಿನ ಬಟ್ಟೆ ಅಂಗಡಿಗೆ ಹೋದರು.

"ಅಮ್ಮೋರ ಅಳತೆ ಎಷ್ಟು ಸಾರ್?" ಅಂಗಡಿಯವನು ಕೇಳಿದ.

ಅವನಿಗೆ ಗೊತ್ತಿರಲಿಲ್ಲ. ಕೇಳೋಣವೆಂದು ತಿರುಗಿದರೆ ಬನಶಂಕರಿ ಬಾಗಿಲ ಬಳಿಯ ಗೊಂಬೆಯ ಮುಂದಿದ್ದಳು. ಗೊಂಬೆಗೆ ಹೊಸ ಸೀರೆ ಉಡಿಸಿದ್ದರು.

"ಎಷ್ಟು ಬಿಗಿಯಾಗಿ ಸುತ್ತವ್ರೆ ನೋಡು," ಎನ್ನುತ್ತ ಅದರ ಸೊಂಟದ ಪಿನ್ನನ್ನು ಬಿಚ್ಚಿದಳು.

ನೆರಿಗೆ ಸಡಿಲವಾಗಿ ಸೀರೆ ಜಾರಿ ಬಿತ್ತು. ಸೊಂಟದಿಂದ ಕೆಳಗೆ ಗೊಂಬೆಗೆ ಏನೂ ಇರಲಿಲ್ಲ, ಒಂದು ಕಬ್ಬಿಣದ ಕಂಬಿ ಮಾತ್ರ. ಬನಶಂಕರಿ ಬಿದ್ದ ಸೀರೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಆ ಕಂಬಿಯಲ್ಲಿ ಸಿಕ್ಕಿಸಲು ಜಾಗ ಹುಡುಕತೊಡಗಿದಳು.